ಉಣ್ಣೆ ಜ್ವರದ ಲಸಿಕೆ ನಮ್ಮ ಕಡೆ ಯಾಕೆ ಸಿಗುವುದಿಲ್ಲ? ಹೊಸದು ಏನಾದರೂ ಬರುತ್ತಿದೆಯಾ?

ಸವಣೂರು ಹೈನು:

ನಾಗರ ಪಂಚಮಿ ಆದ ಮೇಲೆ ನಮ್ಮ ಒಂದು ಎಚ್‌ಎಫ್ ಕ್ರಾಸ್ (ವಿದೇಶಿ ಹೋಲ್‌ಸ್ಟೀನ್ ತಳಿಯ ಮಿಶ್ರ) ಆಕಳಿಗೆ ಜ್ವರ ಬಂತು. ಎರಡನೇ ಸೂಲಿನ ಆಕಳು, ಕೊಟ್ಟಿಗೆಯಲ್ಲಿ ಅದರದ್ದೇ ಹಾಲು ಜಾಸ್ತಿ. ಮೇವು ಬಿಟ್ಟಿತು, ಭುಜದ ಮುಂದೆ ಗಂಟು ಊದಿತು, ಏದುಸಿರು ಬಿಡತೊಡಗಿತು, ಹಾಲು ಹೆಚ್ಚುಕಡಿಮೆ ನಿಂತೇ ಹೋಯಿತು. ಔಷಧಿ ಅಂಗಡಿಯವರು ಕೊಟ್ಟ ಜ್ವರದ ಇಂಜೆಕ್ಷನ್‌ಗೆ ಬೆಳಿಗ್ಗೆ ಇಳಿಯುವುದು, ಸಂಜೆಗೆ ಮತ್ತೆ ಏರುವುದು. ಆಮೇಲೆ ಡಾಕ್ಟರು ಬಂದು ಕಿವಿಯಿಂದ ರಕ್ತ ತೆಗೆದು ಗಾಜಿನ ಮೇಲೆ ಸವರಿಕೊಂಡು ಹೋದರು. ಥೈಲೇರಿಯಾ, ಅಂದರೆ ಉಣ್ಣೆ ಕಚ್ಚಿ ಮೈ ಸೇರುವ ಪರಾವಲಂಬಿಯ ಜ್ವರ ಅಂತ ಹೇಳಿ ಅದರ ಔಷಧಿ ಬುಪಾರ್ವಾಕ್ವೋನ್ ಹಾಕಿದರು. ಆಕಳು ಉಳಿಯಿತು. ಹಾಲು ಮಾತ್ರ ಮೊದಲಿನ ಹಾಗೆ ಆಗಲಿಲ್ಲ, ಇಂಜೆಕ್ಷನ್ ಖರ್ಚಂತೂ ಕೇಳಬೇಡಿ.

ನನ್ನ ಪ್ರಶ್ನೆ ಇಷ್ಟು. ಕಾಲುಬಾಯಿ ರೋಗಕ್ಕೆ ಮನೆ ಬಾಗಿಲಿಗೆ ಬಂದು ಪುಕ್ಕಟೆ ಲಸಿಕೆ ಹಾಕುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಬಂದು ನಮ್ಮ ಹಾವೇರಿ ಜಿಲ್ಲೆಯಲ್ಲಿ ಎಷ್ಟೋ ಜನರ ಎತ್ತು, ಆಕಳು ಹೋದವು, ಅದಕ್ಕೂ ಲಸಿಕೆ ಬಂತು. ಉಣ್ಣೆ ಜ್ವರ ವರ್ಷಾ ಬರುತ್ತದೆ, ಇದಕ್ಕೆ ಯಾಕೆ ಇಲ್ಲ? ಹುಬ್ಬಳ್ಳಿಯಲ್ಲಿರುವ ತಂಗಿ ಮಗ ಹೈದರಾಬಾದಿನಲ್ಲಿ ಲಸಿಕೆ ತಯಾರಾಗುತ್ತದೆ ಅನ್ನುತ್ತಾನೆ. ಡೇರಿಯಲ್ಲಿ ಕೇಳಿದರೆ ಹೊಸದು ಬರುವುದಿದೆ, ತಡೆಯಿರಿ ಅನ್ನುತ್ತಾರೆ. ಯಾವುದು ನಿಜ? ಕೊರೊನಾಕ್ಕೆ ಒಂದೇ ವರ್ಷದಲ್ಲಿ ಲಸಿಕೆ ಮಾಡಿದವರಿಗೆ ಇದೊಂದು ಯಾಕೆ ಆಗುತ್ತಿಲ್ಲ? ಮನೆಯಲ್ಲಿ ಮೂರು ಹೆಣ್ಣುಗರು ಇವೆ, ಅವುಗಳಿಗಾದರೂ ಏನಾದರೂ ಮಾಡಬೇಕು.

ದನದ ಡಾಕ್ಟ್ರು, ಧಾರವಾಡ:

ನಿಮ್ಮ ತಂಗಿ ಮಗ ಹೇಳಿದ್ದು ನಿಜ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿಯ ರಕ್ಷಾವ್ಯಾಕ್-ಟಿ ಅಂತ ಲಸಿಕೆ ಇದೆ. ಅದು ನಿನ್ನೆ ಮೊನ್ನೆ ಬಂದದ್ದಲ್ಲ, ಹಳೆಯದೇ. ಹಿಸಾರ್ ಮತ್ತು ಇಜ್ಜತ್‌ನಗರದ ಸಂಶೋಧನಾ ಸಂಸ್ಥೆಗಳು, ಎನ್‌ಡಿಡಿಬಿ (ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ) ಈ ಮೂರೂ ಕಡೆ ಇದರ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ.

ಹಾಗಾದರೆ ಹಳ್ಳಿಗೆ ಯಾಕೆ ಬರುವುದಿಲ್ಲ? ದೊಡ್ಡ ಕಾರಣ ಅದನ್ನು ಇಡುವ ರೀತಿ. ಕಾಲುಬಾಯಿ ಲಸಿಕೆಯಲ್ಲಿ ಸತ್ತ ವೈರಸ್ ಇರುತ್ತದೆ, ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಟ್ಟು, ಐಸ್ ಡಬ್ಬಿಯಲ್ಲಿ ಹಾಕಿಕೊಂಡು ಬೈಕಿನ ಮೇಲೆ ಊರೂರು ತಿರುಗಬಹುದು. ಥೈಲೇರಿಯಾ ಲಸಿಕೆಯಲ್ಲಿ ಇರುವುದು ದನದ ಜೀವಂತ ಬಿಳಿ ರಕ್ತಕಣಗಳು, ಅವುಗಳೊಳಗೆ ಶಕ್ತಿ ಕುಂದಿಸಿದ ಜೀವಂತ ಪರಾವಲಂಬಿ. ಅದು ಸತ್ತರೆ ಲಸಿಕೆಯೇ ಸತ್ತ ಹಾಗೆ. ಹಾಗಾಗಿ ದ್ರವ ಸಾರಜನಕದಲ್ಲಿ, ಅಂದರೆ ಮೈನಸ್ 196 ಡಿಗ್ರಿಯಲ್ಲಿ ಇಡಬೇಕು. ಹೊರಗೆ ತೆಗೆದು ಕರಗಿಸಿದ ಮೇಲೆ ಬೇಗ ಹಾಕಿ ಮುಗಿಸಬೇಕು. ಒಂದು ವಯಲ್‌ನಲ್ಲಿ ಹಲವು ಡೋಸ್ ಇರುತ್ತವೆ. ನಿಮ್ಮ ಮೂರು ಕರುಗಳಿಗಾಗಿ ಒಂದು ವಯಲ್ ಒಡೆದರೆ ಉಳಿದದ್ದು ಚೆಲ್ಲುವುದೇ. ಯಾವ ಅಂಗಡಿಯವನು ತರಿಸುತ್ತಾನೆ ಹೇಳಿ.

ಎರಡನೆಯದು ದುಡ್ಡಿನ ಲೆಕ್ಕ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಮತ್ತು ಬ್ರುಸೆಲ್ಲಾ ಎರಡಕ್ಕೆ ಸೇರಿಸಿ ಐದು ವರ್ಷಕ್ಕೆ 13,343 ಕೋಟಿ ರೂಪಾಯಿ ಇಟ್ಟಿತು. ಕೊಳ್ಳುವವರು ಸರ್ಕಾರವೇ, ಕೋಟಿಗಟ್ಟಲೆ ಡೋಸ್. ಕಾಲುಬಾಯಿ ರೋಗ ಒಂದು ದನದಿಂದ ಇಡೀ ಊರಿಗೆ ಹಬ್ಬುತ್ತದೆ, ಪರದೇಶಕ್ಕೆ ಮಾಂಸ ಕಳಿಸುವುದಕ್ಕೂ ಅಡ್ಡಿ, ಹಾಗಾಗಿ ಅದಕ್ಕೆ ಮೊದಲ ಮಣೆ. ಉಣ್ಣೆ ಜ್ವರ ಹಾಗಲ್ಲ. ಉಣ್ಣೆ ಕಚ್ಚಿದ ಆಕಳಿಗೆ ಬರುತ್ತದೆ, ಅದರಲ್ಲೂ ಕ್ರಾಸ್ ಆಕಳಿಗೆ ಜೋರಾಗಿ ಬರುತ್ತದೆ. ನಷ್ಟ ಒಬ್ಬೊಬ್ಬ ರೈತನ ಕೊಟ್ಟಿಗೆಯಲ್ಲೇ ಮುಗಿದು ಹೋಗುತ್ತದೆ, ಪೇಪರಿನಲ್ಲಿ ಬರುವುದಿಲ್ಲ.

ಇನ್ನೊಂದು ಮಾತು. ಉಣ್ಣೆಯಿಂದ ಬರುವ ಜ್ವರ ಎಲ್ಲವೂ ಥೈಲೇರಿಯಾ ಅಲ್ಲ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಬೆಬೇಸಿಯಾ ಇರಬಹುದು, ಅದರ ಔಷಧಿ ಬೇರೆ. ಅನಾಪ್ಲಾಸ್ಮಾ ಅಂತ ಮೂರನೆಯದೂ ಇದೆ, ಅದು ಬ್ಯಾಕ್ಟೀರಿಯಾ, ಟೆಟ್ರಾಸೈಕ್ಲಿನ್‌ಗೆ ಬಗ್ಗುತ್ತದೆ. ರಕ್ಷಾವ್ಯಾಕ್ ಹಾಕಿಸಿದ ಆಕಳಿಗೆ ಬೆಬೇಸಿಯಾ ಬಂದರೆ ಲಸಿಕೆ ಫೇಲ್ ಅಂತ ಬೈಯಬೇಡಿ. ಅದಕ್ಕೇ ರಕ್ತ ಪರೀಕ್ಷೆ ಮಾಡಿಸಿ ಅಂತ ಬಡಿದುಕೊಳ್ಳುವುದು.

ಮುಳಗುಂದದ ರೈತ:

ಲಸಿಕೆ ಲಸಿಕೆ ಅಂತ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಅಣ್ಣಾರೇ. ರೋಗ ಇರುವುದು ಗೋಡೆಯಲ್ಲಿ. ನಮ್ಮ ಗದಗ ಕಡೆ ಹಳೇ ಮನೆಗಳಲ್ಲಿ ಮಣ್ಣು ಕಲ್ಲಿನ ಗೋಡೆ, ಸಂದಿಗೊಂದಿ ತುಂಬ ಉಣ್ಣೆ. ಆಕಳ ಮೈಗೆ ಎಷ್ಟು ಔಷಧಿ ಹೊಡೆದರೂ ರಾತ್ರಿ ಗೋಡೆಯಿಂದ ಇಳಿದು ಬರುತ್ತವೆ. ನಾನು ಕೊಟ್ಟಿಗೆಗೆ ಸಿಮೆಂಟ್ ಗಿಲಾವು ಮಾಡಿಸಿದೆ, ಗ್ವಾದಲಿ ಕೆಳಗೆ ಸುಣ್ಣ ಹಾಕುತ್ತೇನೆ, ನಾಟಿ ಕೋಳಿ ಬಿಟ್ಟಿದ್ದೇನೆ. ಉಣ್ಣೆ ಅರ್ಧಕ್ಕರ್ಧ ಇಳಿದವು. ಜೊತೆಗೆ ನಮ್ಮ ಖಿಲಾರಿ ಎತ್ತುಗಳಿಗೆ ಈ ಜ್ವರ ಬಂದದ್ದು ನಾನು ನೋಡಿಲ್ಲ. ದೇಸಿ ದನ ಬಿಟ್ಟು ಎಚ್‌ಎಫ್ ಹಿಂದೆ ಬಿದ್ದದ್ದಕ್ಕೆ ಇದೆಲ್ಲ, ಅಲ್ವಾ?

ದನದ ಡಾಕ್ಟ್ರು, ಧಾರವಾಡ:

ಗಿಲಾವು ಮಾಡಿಸಿದ್ದು ಬಹಳ ಒಳ್ಳೆ ಕೆಲಸ, ಇದನ್ನು ಎಲ್ಲರೂ ಮಾಡಬೇಕು. ಥೈಲೇರಿಯಾ ಹರಡುವ ಹಯಲೋಮ ಜಾತಿಯ ಉಣ್ಣೆ ಆಕಳ ಮೈಯಿಂದ ಉದುರಿ, ಗೋಡೆ ಸಂದಿಯಲ್ಲಿ ಪೊರೆ ಕಳಚಿ, ಮತ್ತೆ ಬೇರೆ ಆಕಳಿಗೆ ಏರುತ್ತದೆ. ಟ್ಯುನೀಷಿಯಾ ದೇಶದಲ್ಲಿ ಇದೇ ರೋಗಕ್ಕೆ ಕೊಟ್ಟಿಗೆ ಗೋಡೆ ನುಣುಪು ಮಾಡುವುದನ್ನೇ ಒಂದು ಮುಖ್ಯ ಉಪಾಯ ಅಂತ ಹೇಳುತ್ತಾರೆ. ಹೊಡೆಯುವ ಔಷಧಿಗೆ ಉಣ್ಣೆ ಬಗ್ಗದಿರುವುದೂ ನಿಜ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎರಡಕ್ಕೂ ದೇಶದ ಹಲವು ಕಡೆ ಉಣ್ಣೆಗಳು ಒಗ್ಗಿಕೊಂಡಿವೆ. ಅಳತೆ ತಪ್ಪಿಸಿ ತೆಳ್ಳಗೆ ಕಲಸಿ ಹೊಡೆದರೆ ಇನ್ನೂ ಬೇಗ ಒಗ್ಗುತ್ತವೆ.

ಆದರೆ ದೇಸಿ ದನಕ್ಕೆ ರೋಗವೇ ಬರುವುದಿಲ್ಲ ಅನ್ನುವುದು ಸರಿಯಲ್ಲ. ಸೋಂಕು ಅವುಗಳಿಗೂ ತಗಲುತ್ತದೆ. ಚಿಕ್ಕಂದಿನಿಂದ ಉಣ್ಣೆ ಕಚ್ಚಿಸಿಕೊಂಡು, ತಳಿಯ ಗುಣವೂ ಸೇರಿ, ಜ್ವರ ಸೌಮ್ಯವಾಗಿ ಬಂದು ಹೋಗುತ್ತದೆ. ಎಮ್ಮೆಯಲ್ಲೂ ಸಾಮಾನ್ಯವಾಗಿ ಹಾಗೇ. ವಾಸಿಯಾದ ಮೇಲೂ ರಕ್ತದಲ್ಲಿ ಪರಾವಲಂಬಿ ಉಳಿದಿರುತ್ತದೆ, ಆ ರಕ್ತ ಹೀರಿದ ಉಣ್ಣೆ ಪಕ್ಕದ ಎಚ್‌ಎಫ್‌ಗೆ ತಲುಪಿಸುತ್ತದೆ. ಸವಣೂರಿನ ಅಣ್ಣನವರ ಮನೆ ನಡೆಯುವುದು ಡೇರಿಗೆ ಹಾಕುವ ಹಾಲಿನಿಂದ. ಅವರಿಗೆ ಖಿಲಾರಿ ಕಟ್ಟಿ ಅಂದರೆ ಸಂಸಾರ ನಡೆಯುತ್ತದಾ?

ಲ್ಯಾಬ್‌ನಲ್ಲಿರುವ ಹುಬ್ಬಳ್ಳಿ ಹುಡುಗಿ:

ಸವಣೂರು ಕಾಕಾ, ನಿಮ್ಮ ಕೊರೊನಾ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಊರು ಹುಬ್ಬಳ್ಳಿ, ಈಗ ಬೆಂಗಳೂರಿನಲ್ಲಿ ಪರಾವಲಂಬಿಗಳ ಮೇಲೆ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಕೊರೊನಾ ವೈರಸ್‌ನ ಜೀನೋಮ್, ಅಂದರೆ ಇಡೀ ವಂಶವಾಹಿ ಬರಹ, ಸುಮಾರು 30 ಸಾವಿರ ಅಕ್ಷರ. ಪ್ರೋಟೀನ್‌ಗಳು ಮೂವತ್ತರ ಆಸುಪಾಸು. ಹೊರಗೆ ಮುಳ್ಳಿನಂತೆ ಕಾಣುವ ಒಂದು ಪ್ರೋಟೀನ್ ಹಿಡಿದರೆ ಸಾಕಾಯಿತು, ಲಸಿಕೆ ತಯಾರು. ನಮ್ಮ ಕಡೆಯ ಉಣ್ಣೆ ಜ್ವರ ತರುವ ಥೈಲೇರಿಯಾ ಆನ್ಯುಲೇಟಾದ ಜೀನೋಮ್ 2005ರಲ್ಲಿ ಪ್ರಕಟವಾಯಿತು. ಅದು 83 ಲಕ್ಷ ಅಕ್ಷರಕ್ಕಿಂತ ಜಾಸ್ತಿ, ವಂಶವಾಹಿಗಳು ಸುಮಾರು 3,800. ಇಷ್ಟರಲ್ಲಿ ಯಾವುದನ್ನು ಲಸಿಕೆಗೆ ಆರಿಸಬೇಕು ಅನ್ನುವುದೇ ಮೊದಲ ತಲೆನೋವು. ಮೇಲಾಗಿ ಈ ಪರಾವಲಂಬಿ ಉಣ್ಣೆಯ ಜೊಲ್ಲಿನಲ್ಲಿ ಒಂದು ರೂಪ, ಬಿಳಿ ರಕ್ತಕಣದಲ್ಲಿ ಇನ್ನೊಂದು, ಕೆಂಪು ರಕ್ತಕಣದಲ್ಲಿ ಮತ್ತೊಂದು. ಒಂದು ರೂಪಕ್ಕೆ ಮಾಡಿದ ಲಸಿಕೆ ಇನ್ನೊಂದು ರೂಪವನ್ನು ಗುರುತಿಸುವುದೇ ಇಲ್ಲ.

ಇದರ ಕಳ್ಳ ಬುದ್ಧಿ ಕೇಳಿ. ಉಣ್ಣೆ ಕಚ್ಚಿ ಒಂದೆರಡು ದಿನ ರಕ್ತ ಹೀರಿದ ಮೇಲೆ ಅದರ ಜೊಲ್ಲಿನ ಗ್ರಂಥಿಯಲ್ಲಿ ಪರಾವಲಂಬಿ ಪಕ್ವವಾಗಿ ಆಕಳ ಮೈ ಸೇರುತ್ತದೆ. (ಅದಕ್ಕೇ ದಿನಾ ಮೈ ತಡವಿ ಉಣ್ಣೆ ಕಿತ್ತರೆ ಲಾಭ ಇದೆ.) ಸೇರಿದ ಕೆಲವೇ ನಿಮಿಷದಲ್ಲಿ ಬಿಳಿ ರಕ್ತಕಣದ ಒಳಗೆ ನುಗ್ಗುತ್ತದೆ. ರೋಗದ ವಿರುದ್ಧ ಹೋರಾಡಬೇಕಾದ ಕಣವೇ ಅದರ ಮನೆ. ಆಮೇಲೆ ಆ ಕಣವನ್ನು ಎಡೆಬಿಡದೆ ಒಡೆದು ಎರಡಾಗುವಂತೆ ಮಾಡುತ್ತದೆ, ಕ್ಯಾನ್ಸರ್‌ನಲ್ಲಿ ಆಗುವಂಥದ್ದೇ. ಕಣ ಒಡೆಯುವಾಗ ವರ್ಣತಂತುಗಳನ್ನು ಎಳೆಯುವ ಎಳೆಗಳಿಗೆ ತಾನೂ ಅಂಟಿಕೊಂಡು ಎರಡೂ ಮರಿಕಣಗಳಿಗೆ ಹಂಚಿಕೊಳ್ಳುತ್ತದೆ. ಹೊರಗೆ ಬಂದು ಮುಖ ತೋರಿಸುವ ಅಗತ್ಯವೇ ಇಲ್ಲ. ನೀವು ನೋಡಿದ ಭುಜದ ಗಂಟು ಇದೇ, ಗ್ರಂಥಿಯಲ್ಲಿ ಕಣಗಳು ಹೀಗೆ ಹೆಚ್ಚುತ್ತಾ ಹೋದದ್ದು. ಬುಪಾರ್ವಾಕ್ವೋನ್ ಕೊಟ್ಟು ಪರಾವಲಂಬಿಯನ್ನು ಕೊಂದರೆ ಕಣದ ಹುಚ್ಚೂ ನಿಲ್ಲುತ್ತದೆ. ನನಗೆ ಇವತ್ತಿಗೂ ಇದು ಸೋಜಿಗ. ಆದರೆ ಟ್ಯುನೀಷಿಯಾ, ಇರಾನ್, ಟರ್ಕಿ, ಸುಡಾನ್ ಕಡೆ ಈ ಔಷಧಿಗೂ ಬಗ್ಗದ ಥೈಲೇರಿಯಾ ಕಂಡುಬಂದಿದೆ. ಇರುವುದು ಒಂದೇ ಒಳ್ಳೆ ಔಷಧಿ, ಅದೂ ಕೈ ಕೊಟ್ಟರೆ ಏನು ಗತಿ? ಹೊಸ ಲಸಿಕೆಯ ಅವಸರ ಇರುವುದು ಅದಕ್ಕೇ.

ಲಸಿಕೆ ಹೊಡೆಯಲು ಎರಡು ಜಾಗ ಇವೆ. ಒಂದು, ಕಣದ ಒಳಗೆ ನುಗ್ಗುವ ಮೊದಲೇ, ಆ ಕೆಲವು ನಿಮಿಷದಲ್ಲಿ, ರಕ್ತದಲ್ಲಿರುವ ಪ್ರತಿಕಾಯಗಳಿಂದ ತಡೆಯುವುದು. ಇನ್ನೊಂದು, ಒಳಗೆ ಹೋದ ಮೇಲೆ ಸೋಂಕು ತಗಲಿದ ಕಣವನ್ನೇ ಟಿ ಕಣಗಳಿಂದ (ಅವೂ ಒಂದು ಬಗೆಯ ಬಿಳಿ ರಕ್ತಕಣಗಳೇ) ಕೊಲ್ಲಿಸುವುದು.

ಮೊದಲನೆಯದಕ್ಕೆ ಆಫ್ರಿಕಾದಲ್ಲಿ ಬಹಳ ಕೆಲಸ ಆಗಿದೆ. ಅಲ್ಲಿನದ್ದು ನಮ್ಮ ಥೈಲೇರಿಯಾದ ಅಣ್ಣ, ಥೈಲೇರಿಯಾ ಪಾರ್ವಾ, ರೋಗದ ಹೆಸರು ಈಸ್ಟ್ ಕೋಸ್ಟ್ ಫೀವರ್. ಅದರ ಮೈಮೇಲಿನ ಪಿ67 ಅನ್ನುವ ಪ್ರೋಟೀನ್ ತೆಗೆದು ನೈರೋಬಿಯ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಲಸಿಕೆ ಮಾಡಿ ನೋಡಿತು. ಲ್ಯಾಬ್‌ನಲ್ಲಿ ಒಳ್ಳೆ ಫಲ ಕೊಟ್ಟಿತು. ಬಯಲಿನಲ್ಲಿ, ಸೋಂಕಿರುವ ಉಣ್ಣೆಗಳ ನಡುವೆ ಬಿಟ್ಟಾಗ ಅಷ್ಟು ಕೊಡಲಿಲ್ಲ. ನಮ್ಮ ಆನ್ಯುಲೇಟಾದಲ್ಲಿ ಇದಕ್ಕೆ ಸಮನಾದದ್ದು ಸ್ಪಾಗ್-1. ಅದರ ಕಿರಿಕಿರಿ ಏನೆಂದರೆ ಪರಾವಲಂಬಿಯ ಒಂದು ತಳಿಯಿಂದ ಇನ್ನೊಂದು ತಳಿಗೆ ಬದಲಾಗುತ್ತದೆ. ಹರಿಯಾಣದ ಥೈಲೇರಿಯಾಕ್ಕೆ ಮಾಡಿದ್ದು ಹಾವೇರಿಯದ್ದಕ್ಕೆ ನಾಟುತ್ತದೆ ಅಂತ ಗ್ಯಾರಂಟಿ ಕೊಡುವುದು ಕಷ್ಟ.

ಎರಡನೆಯದು ಇನ್ನೂ ಗೋಜಲು. ಟಿ ಕಣಗಳು ಪರಾವಲಂಬಿಯ ಯಾವ ತುಣುಕನ್ನು ಗುರುತಿಸುತ್ತವೆ ಅನ್ನುವುದು ಆಯಾ ಆಕಳ ವಂಶವಾಹಿಯ ಮೇಲೆ ನಿಂತಿದೆ. ನಿಮ್ಮ ಎಚ್‌ಎಫ್ ಕ್ರಾಸ್‌ನಲ್ಲಿ ಕೆಲಸ ಮಾಡಿದ ತುಣುಕು ಪಕ್ಕದ ಜರ್ಸಿಯಲ್ಲಿ ಮಾಡಲಿಕ್ಕಿಲ್ಲ. ಹಾಗಾಗಿ ಒಂದು ಪ್ರೋಟೀನ್ ಸಾಲದು, ಹಲವನ್ನು ಸೇರಿಸಬೇಕು. ಎಂಆರ್‌ಎನ್‌ಎ (ಪ್ರೋಟೀನ್ ಮಾಡುವ ಸೂಚನೆಯನ್ನೇ ಚುಚ್ಚುವ ಬಗೆಯ ಲಸಿಕೆ) ಮೇಲೆ ನಮ್ಮಂಥವರಿಗೆ ಆಸೆ ಇರುವುದು ಇಲ್ಲೇ. ಅದರಲ್ಲಿ ಪ್ರೋಟೀನ್ ಆಕಳ ಕಣದ ಒಳಗೇ ತಯಾರಾಗುವುದರಿಂದ ಟಿ ಕಣಗಳಿಗೆ ಚೆನ್ನಾಗಿ ಕಾಣುತ್ತದೆ, ಹಲವು ಪ್ರೋಟೀನ್‌ಗಳನ್ನು ಒಂದೇ ಚುಚ್ಚಿನಲ್ಲಿ ಕೊಡಬಹುದು. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ಎಂಆರ್‌ಎನ್‌ಎ ಥೈಲೇರಿಯಾ ಲಸಿಕೆ ಇಲ್ಲ. ಯಾರಾದರೂ ಮಾರಲು ಬಂದರೆ ಓಡಿಸಿ.

ಈಗಿರುವ ಲಸಿಕೆ ಈ ತೊಡಕನ್ನೆಲ್ಲ ಒಂದೇ ಏಟಿಗೆ ದಾಟುತ್ತದೆ. ಪ್ರೋಟೀನ್ ಆರಿಸುವ ಗೋಜೇ ಇಲ್ಲ, ಇಡೀ ಜೀವಂತ ಪರಾವಲಂಬಿಯನ್ನೇ ಕೊಡುತ್ತಾರೆ. ಸೋಂಕು ತಗಲಿದ ಕಣಗಳನ್ನು ಲ್ಯಾಬ್‌ನಲ್ಲಿ ತಿಂಗಳುಗಟ್ಟಲೆ ಬಾಟಲಿಯಿಂದ ಬಾಟಲಿಗೆ ಬೆಳೆಸುತ್ತಾ ಹೋಗುತ್ತಾರೆ. ಮೈಯ ಅಂಗಾಂಶಗಳನ್ನು ಕೊರೆದುಕೊಂಡು ಹರಡಲು ಬೇಕಾದ ಕಿಣ್ವಗಳು ಅವುಗಳಲ್ಲಿ ಕ್ರಮೇಣ ಕಡಿಮೆ ಆಗುತ್ತವೆ, ರೋಗ ತರುವ ಕಸುವು ಕುಗ್ಗುತ್ತದೆ. ರಕ್ಷಣೆ ಕೊಡುವ ಗುಣ ಉಳಿಯುತ್ತದೆ. ಇದೇ ಉಪಾಯ ಆಫ್ರಿಕಾದ ಪಾರ್ವಾಕ್ಕೆ ನಡೆಯಲಿಲ್ಲ. ಯಾಕೆಂದರೆ ಲಸಿಕೆಯ ಕಣಗಳು ಬೇರೆ ದನದವು, ಆಕಳ ಮೈ ಅವನ್ನು ತಿರಸ್ಕರಿಸುತ್ತದೆ. ಅಷ್ಟರೊಳಗೆ ಪರಾವಲಂಬಿ ಆ ಕಣ ಬಿಟ್ಟು ಆಕಳ ಸ್ವಂತ ಕಣಕ್ಕೆ ದಾಟಬೇಕು. ಆನ್ಯುಲೇಟಾ ಸುಲಭವಾಗಿ ದಾಟುತ್ತದೆ, ಪಾರ್ವಾ ದಾಟುವುದಿಲ್ಲ, ಅದಕ್ಕೆ ರಾಶಿ ರಾಶಿ ಕಣ ಕೊಡಬೇಕಾಗುತ್ತದೆ. ಒಂದು ಲೆಕ್ಕದಲ್ಲಿ ನಾವು ಅದೃಷ್ಟವಂತರು.

ಅವರು ಬೇರೆ ದಾರಿ ಹಿಡಿದರು. ಸೋಂಕಿತ ಉಣ್ಣೆಗಳನ್ನೇ ಅರೆದು, ಅದರಿಂದ ಬಂದ ಜೀವಂತ ಪರಾವಲಂಬಿಯನ್ನು ಕರುವಿಗೆ ಚುಚ್ಚಿ, ಅದೇ ಹೊತ್ತಿಗೆ ಬಹಳ ಹೊತ್ತು ಕೆಲಸ ಮಾಡುವ ಟೆಟ್ರಾಸೈಕ್ಲಿನ್ ಕೊಡುವುದು. ರೋಗ ಬರುತ್ತದೆ, ಜೋರಾಗುವುದಿಲ್ಲ, ಜೀವಮಾನದ ಬಹುಪಾಲು ರಕ್ಷಣೆ ಸಿಗುತ್ತದೆ. ಮುಗುಗ ಕಾಕ್‌ಟೇಲ್ ಅಂತ ಹೆಸರು, ಮುಗುಗ ಕೀನ್ಯಾದ ಒಂದು ಊರು. ಒಂದು ಬ್ಯಾಚ್ ತಯಾರಿಸಲು ಸುಮಾರು 18 ತಿಂಗಳು ಬೇಕು. ಇಷ್ಟೆಲ್ಲ ಕಷ್ಟ ಇದ್ದರೂ ಟಾಂಜಾನಿಯಾದ ಮಸಾಯಿ ದನಗಾಹಿಗಳು ಸ್ವಂತ ದುಡ್ಡು ಕೊಟ್ಟು ಕರುಗಳಿಗೆ ಹಾಕಿಸುತ್ತಾರೆ. ಹಾಕಿಸಿದ ಗುರುತಿಗೆ ಕಿವಿಗೆ ಓಲೆ ಇರುತ್ತದೆ, ಅಂಥ ಕರುವಿಗೆ ಸಂತೆಯಲ್ಲಿ ಜಾಸ್ತಿ ರೇಟು. ರಾಣೆಬೆನ್ನೂರು ಸಂತೆಯಲ್ಲಿ ಹೀಗಾದರೆ ನೋಡಿ, ಮರುವರ್ಷವೇ ಎಲ್ಲರೂ ಲಸಿಕೆ ಕೇಳುತ್ತಾರೆ!

ಇನ್ನೊಂದು ದಾರಿ ಉಣ್ಣೆಗೇ ಲಸಿಕೆ. ಅಂದರೆ ಚುಚ್ಚುವುದು ಆಕಳಿಗೆ, ಸಾಯುವುದು ಉಣ್ಣೆ. ಉಣ್ಣೆಯ ಕರುಳಿನಲ್ಲಿರುವ ಬಿಎಂ86 ಅನ್ನುವ ಪ್ರೋಟೀನ್‌ಗೆ ವಿರುದ್ಧವಾಗಿ ಆಕಳು ಪ್ರತಿಕಾಯ ಮಾಡಿಕೊಳ್ಳುತ್ತದೆ. ಉಣ್ಣೆ ರಕ್ತ ಹೀರಿದಾಗ ಆ ಪ್ರತಿಕಾಯ ಅದರ ಕರುಳನ್ನೇ ಹಾಳು ಮಾಡುತ್ತದೆ. 1990ರ ದಶಕದ ಮೊದಲ ಭಾಗದಲ್ಲೇ ಕ್ಯೂಬಾದಲ್ಲಿ ಗಾವ್ಯಾಕ್, ಆಸ್ಟ್ರೇಲಿಯಾದಲ್ಲಿ ಟಿಕ್‌ಗಾರ್ಡ್ ಅಂತ ಮಾರುಕಟ್ಟೆಗೆ ಬಂದವು. ಹೊಡೆದ ಕೂಡಲೇ ಉಣ್ಣೆ ಉದುರುವುದಿಲ್ಲ, ತಲೆಮಾರಿನಿಂದ ತಲೆಮಾರಿಗೆ ಸಂಖ್ಯೆ ಇಳಿಯುತ್ತದೆ. ಪದೇ ಪದೇ ಚುಚ್ಚಬೇಕು. ಕೆಲವು ಪ್ರದೇಶದ ಉಣ್ಣೆಗಳ ಮೇಲೆ ಚೆನ್ನಾಗಿ, ಕೆಲವುಗಳ ಮೇಲೆ ಸುಮಾರಾಗಿ. ರೈತ ಇವತ್ತು ಚುಚ್ಚಿಸಿ ನಾಳೆ ಉಣ್ಣೆ ಕಂಡರೆ ನಂಬಿಕೆ ಹೋಗುತ್ತದೆ, ಅದಕ್ಕೇ ಬೇಕಾದಷ್ಟು ಮಾರಾಟ ಆಗಲಿಲ್ಲ ಅಂತ ನನ್ನ ಅನಿಸಿಕೆ. ನಮ್ಮಲ್ಲಿ ಇಜ್ಜತ್‌ನಗರದ ಐವಿಆರ್‌ಐನವರು (ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ) ಹಯಲೋಮ ಉಣ್ಣೆಯ ಪ್ರೋಟೀನ್‌ಗಳ ಮೇಲೆ ಇದೇ ಕೆಲಸ ಮಾಡಿದ್ದಾರೆ. ಗೋಡೆ ಗಿಲಾವು, ಉಣ್ಣೆ ಲಸಿಕೆ, ಥೈಲೇರಿಯಾ ಲಸಿಕೆ ಮೂರೂ ಕೂಡಿದರೆ ಜೋರು. ಮುಳಗುಂದದ ಅಣ್ಣನ ಜೊತೆ ನನಗೆ ಜಗಳ ಇಲ್ಲ.

ಹಾನಗಲ್ಲ ಮಲ್ನಾಡ ಸೆರಗು:

ನಮ್ಮ ಕಡೆ ಉಣ್ಣೆ ಜ್ವರ ಅಂದರೆ ಜನ ಮಂಗನ ಕಾಯಿಲೆ ಅಂತ ಹೆದರುತ್ತಾರೆ. ಸೊರಬ ನಮಗೆ ದೂರ ಇಲ್ಲ. ಆಕಳಿಗೆ ಈ ಜ್ವರ ಬಂದರೆ ಹಾಲು ಕುಡಿಯಬಹುದಾ, ನಮಗೂ ಅಂಟುತ್ತದಾ?

ಲ್ಯಾಬ್‌ನಲ್ಲಿರುವ ಹುಬ್ಬಳ್ಳಿ ಹುಡುಗಿ:

ಅದೇ ಬೇರೆ, ಇದೇ ಬೇರೆ. ಮಂಗನ ಕಾಯಿಲೆ ವೈರಸ್, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡದ್ದು, ಹರಡುವ ಉಣ್ಣೆಯೂ ಬೇರೆ ಜಾತಿ. ಅದು ಮನುಷ್ಯರಿಗೆ ಬರುತ್ತದೆ, ದನಗಳು ಅದರಿಂದ ಮಲಗುವುದಿಲ್ಲ. ಥೈಲೇರಿಯಾ ಮನುಷ್ಯರಿಗೆ ಬರುವುದಿಲ್ಲ. ಹಾಲಿನ ವಿಷಯದಲ್ಲಿ ನೋಡಬೇಕಾದದ್ದು ಔಷಧಿ. ಆಕಳಿಗೆ ಇಂಜೆಕ್ಷನ್ ಕೊಟ್ಟಾಗ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಸವಣೂರು ಹೈನು:

ಇಷ್ಟೊಂದು ಬರೆದದ್ದಕ್ಕೆ ಎಲ್ಲರಿಗೂ ಶರಣು. ಹುಡುಗಿ ಬರೆದದ್ದನ್ನು ನಮ್ಮ ಡೇರಿ ಸೆಕ್ರೆಟರಿಗೆ ಓದಿ ಹೇಳಿದೆ. ಅವರ ಪ್ರಶ್ನೆ, ಹೊಸದು ಬರುವವರೆಗೆ ಕಾಯಬೇಕಾ, ಹಳೆಯದನ್ನು ತರಿಸಬೇಕಾ? ನಮ್ಮ ಊರು, ಪಕ್ಕದ ಊರು ಸೇರಿದರೆ ಕ್ರಾಸ್ ಕರು, ಪಡ್ಡೆ ಬೇಕಾದಷ್ಟು ಇವೆ. ವಯಲ್ ವ್ಯರ್ಥ ಆಗುವುದಿಲ್ಲ. ಆದರೆ ಆ ಮೈನಸ್ 196 ಡಿಗ್ರಿ ನಮ್ಮ ಹಳ್ಳಿಗೆ ಎಲ್ಲಿಂದ ತರುವುದು?

ಎಐ (ಕೃತಕ ಗರ್ಭಧಾರಣೆ) ಕೆಲಸದವ, ಹಾವೇರಿ:

ಅಣ್ಣಾರೇ, ಮೈನಸ್ 196 ನಿಮ್ಮ ಹಳ್ಳಿಗೆ ದಿನಾ ಬರುತ್ತಿದೆ, ನನ್ನ ಬೈಕಿನ ಮೇಲೆ. ಬೆದೆಗೆ ಬಂದ ಆಕಳಿಗೆ ಇಂಜೆಕ್ಷನ್ ಮಾಡಿಸಲು ಕರೆಸುತ್ತೀರಲ್ಲ, ಆ ಕ್ಯಾನಿನಲ್ಲಿ ವೀರ್ಯದ ಕಡ್ಡಿಗಳು ತೇಲುವುದು ಅದೇ ದ್ರವ ಸಾರಜನಕದಲ್ಲಿ. ಊರಿಗೆ ಒಯ್ಯುವುದು 3 ಲೀಟರಿನ ಸಣ್ಣ ಕ್ಯಾನ್, ಕೇಂದ್ರದಲ್ಲಿ 35 ಲೀಟರಿನ ದೊಡ್ಡದು. ವಾಹನ ಬಂದು ತುಂಬಿಸಿ ಹೋಗುತ್ತದೆ. ನಮ್ಮ ಕಡೆ ಫ್ರಿಜ್ ಇಲ್ಲದ ಹಳ್ಳಿ ಇರಬಹುದು, ಸಾರಜನಕ ಹೋಗದ ಹಳ್ಳಿ ಕಡಿಮೆ.

ಒಂದೆರಡು ತೊಡಕು ಇವೆ. ವೀರ್ಯದ ಕಡ್ಡಿ ಇಡುವ ಗೋಬ್ಲೆಟ್‌ನಲ್ಲಿ ಲಸಿಕೆಯ ವಯಲ್ ಸರಿಯಾಗಿ ಕೂರುವುದಿಲ್ಲ, ಅದಕ್ಕೆ ಬೇರೆ ಹಿಡಿಕೆ ಬೇಕು. ಎರಡನ್ನೂ ಒಂದೇ ಕ್ಯಾನಿನಲ್ಲಿ ಇಟ್ಟು ಪದೇ ಪದೇ ಮೇಲೆತ್ತಿದರೆ ಎರಡೂ ಹಾಳು. ಲಸಿಕೆಗೆ ಅಂತಲೇ ಒಂದು ಸಣ್ಣ ಕ್ಯಾನ್ ಮೀಸಲಿಟ್ಟು, ಅದು ತುಂಬಿದ ದಿನವೇ ಕ್ಯಾಂಪ್ ಇಟ್ಟುಕೊಳ್ಳುವುದು ಒಳ್ಳೆಯದು. ಬಿಸಿಲು ಏರುವ ಮೊದಲು, ಬೆಳಿಗ್ಗೆ ಹಾಲು ಹಾಕಿ ಬಂದ ಹೊತ್ತಿಗೆ. ಚುಚ್ಚುವುದು ಡಾಕ್ಟರ ಕೆಲಸ, ನಾನು ಕ್ಯಾನ್ ಹಿಡಿದುಕೊಂಡು ನಿಲ್ಲುತ್ತೇನೆ.

ಮುಳಗುಂದದ ರೈತ:

ಇದು ಮಾತು. ಕ್ಯಾಂಪ್ ಆದರೆ ನನ್ನದೂ ಒಂದು ಜರ್ಸಿ ಕರು ಇದೆ, ಕರೆಯಿರಿ. (ದೇಸಿ ಅಂತ ಭಾಷಣ ಮಾಡಿದವನ ಮನೆಯಲ್ಲಿ ಜರ್ಸಿ ಅಂತ ನಗಬೇಡಿ, ಮೊಮ್ಮಗಳ ಹಟ.)

ದನದ ಡಾಕ್ಟ್ರು, ಧಾರವಾಡ:

ಸವಣೂರಿನ ಅಣ್ಣಾರೇ, ಕಾಯಬೇಡಿ. ಹೊಸ ಲಸಿಕೆ ಲ್ಯಾಬ್ ದಾಟಿ, ಆಕಳುಗಳ ಮೇಲೆ ಪ್ರಯೋಗ ಮುಗಿಸಿ, ಲೈಸೆನ್ಸ್ ಪಡೆದು, ಹಾವೇರಿಗೆ ಬರುವಷ್ಟರಲ್ಲಿ ನಿಮ್ಮ ಈ ಕರುಗಳ ಕರುಗಳು ಕರು ಹಾಕಿರುತ್ತವೆ. ಹುಡುಗಿ ಬೇಜಾರು ಮಾಡಿಕೊಳ್ಳಬಾರದು. ಹೊಸದು ಬೇಕು, ಅದರಲ್ಲೂ ಫ್ರಿಜ್‌ನಲ್ಲಿಡುವ ಲಸಿಕೆ ಒಂದು ಬಂದರೆ ನಾನು ಪೇಡೆ ಹಂಚುತ್ತೇನೆ. ಆದರೆ ಉಣ್ಣೆ ಅದಕ್ಕಾಗಿ ಕಾಯುವುದಿಲ್ಲ.

ಡೇರಿ ಸೆಕ್ರೆಟರಿ ಮೂಲಕ ಒಂದು ಪಟ್ಟಿ ಮಾಡಿ. ಪಟ್ಟಿಯಲ್ಲಿ ಮೊದಲು ಕ್ರಾಸ್ ಹೆಣ್ಣುಗರುಗಳು. ಆಮೇಲೆ ಹೊರಗಿನಿಂದ ಕೊಂಡು ತಂದ ಆಕಳುಗಳು. ಉಣ್ಣೆಯನ್ನೇ ಕಾಣದ ಶುಚಿಯಾದ ಫಾರಂನಿಂದ ಬಂದದ್ದು ನಮ್ಮ ಕೊಟ್ಟಿಗೆಗೆ ಬಂದ ಮೇಲೆ ಬೇಗ ಮಲಗುತ್ತದೆ. ಗಬ್ಬ ಇದ್ದರೆ ಎಷ್ಟು ತಿಂಗಳು ಅಂತ ಪಕ್ಕದಲ್ಲಿ ಬರೆಯಿರಿ, ಹಾಕಬೇಕೋ ಬೇಡವೋ ಅಂತ ನಿಮ್ಮ ಡಾಕ್ಟರು ನೋಡಿ ಹೇಳುತ್ತಾರೆ. ಮಳೆಗಾಲದಲ್ಲಿ ಉಣ್ಣೆ ಏರುವ ಮೊದಲೇ ಕ್ಯಾಂಪ್ ಮುಗಿಸಿ, ಯಾಕೆಂದರೆ ರಕ್ಷಣೆ ಬರಲು ಕೆಲವು ವಾರ ಬೇಕು. ಆ ವಾರಗಳಲ್ಲಿ ಉಣ್ಣೆ ಕೀಳುವುದನ್ನು ಬಿಡಬೇಡಿ. ಲಸಿಕೆ ಆದ ಮೇಲೂ ಸೋಂಕು ತಗಲಬಹುದು, ಆದರೆ ಆಕಳು ಸಾಯುವ ಮಟ್ಟಕ್ಕೆ ಹೋಗುವುದು ತಪ್ಪುತ್ತದೆ.

ನಿಮ್ಮ ಜ್ವರ ಬಂದು ವಾಸಿಯಾದ ಆಕಳನ್ನು ಪಟ್ಟಿಯಿಂದ ತೆಗೆಯಿರಿ. ಅದಕ್ಕೆ ರೋಗವೇ ರಕ್ಷಣೆ ಕೊಟ್ಟಿದೆ, ಸುಮ್ನೆ ದುಡ್ಡು ದಂಡ. ಆದರೆ ಅದರ ಮೈಮೇಲಿನ ಉಣ್ಣೆಯನ್ನು ಎಲ್ಲಕ್ಕಿಂತ ಮೊದಲು ಕೀಳಿ, ಕರುಗಳ ಪಕ್ಕ ಕಟ್ಟಬೇಡಿ.

ಸವಣೂರು ಹೈನು:

ಸರಿ ಡಾಕ್ಟ್ರೇ, ಪಟ್ಟಿ ಶುರು ಮಾಡುತ್ತೇನೆ. ಇನ್ನೊಂದು ಅನುಮಾನ. ಪಕ್ಕದ ಮನೆಯವರ ಕರುವಿಗೆ ಹೋದ ವಾರ ಜ್ವರ ಬಂದು ಬುಪಾರ್ವಾಕ್ವೋನ್ ಹಾಕಿದ್ದಾರೆ. ಇನ್ನೊಬ್ಬರು ಲಸಿಕೆ ಹಾಕಿಸುವಾಗ ಜ್ವರ ಬರಬಾರದು ಅಂತ ಮೊದಲೇ ಟೆಟ್ರಾಸೈಕ್ಲಿನ್ ಕೊಡೋಣ ಅನ್ನುತ್ತಿದ್ದಾರೆ. ಆಫ್ರಿಕಾದಲ್ಲಿ ಎರಡೂ ಒಟ್ಟಿಗೆ ಕೊಡುತ್ತಾರಲ್ಲ, ಅದನ್ನು ಓದಿ ಬಂದ ಐಡಿಯಾ.

ದನದ ಡಾಕ್ಟ್ರು, ಧಾರವಾಡ:

ಬೇಡವೇ ಬೇಡ. ಆಫ್ರಿಕಾದಲ್ಲಿ ಕೊಡುವುದು ಕಸುವು ಕುಂದಿಸದ ಪರಾವಲಂಬಿ, ಅದಕ್ಕೆ ಕಡಿವಾಣ ಬೇಕು, ಹಾಗಾಗಿ ಟೆಟ್ರಾಸೈಕ್ಲಿನ್. ನಮ್ಮ ಲಸಿಕೆಯದ್ದು ಮೊದಲೇ ಕುಂದಿಸಿದ್ದು. ಅದು ಕರುವಿನ ಮೈಯಲ್ಲಿ ಕೆಲವು ದಿನ ಬದುಕಿದರೆ ಮಾತ್ರ ರಕ್ಷಣೆ ಹುಟ್ಟುತ್ತದೆ. ಟೆಟ್ರಾಸೈಕ್ಲಿನ್ ಕೊಟ್ಟರೆ ಕುಗ್ಗುತ್ತದೆ, ಬುಪಾರ್ವಾಕ್ವೋನ್ ಮೈಯಲ್ಲಿ ಉಳಿದಿದ್ದರೆ ಸತ್ತೇ ಹೋಗುತ್ತದೆ. ಪಕ್ಕದ ಮನೆಯ ಕರುವನ್ನು ಈ ಕ್ಯಾಂಪಿಗೆ ತರಬೇಡಿ, ಅದಕ್ಕೆ ನಿಜವಾಗಿ ಥೈಲೇರಿಯಾನೇ ಬಂದಿತ್ತಾ ಅಂತ ರಕ್ತ ಪರೀಕ್ಷೆಯ ಚೀಟಿ ನೋಡಿ ಹೇಳಿ. ಬಂದದ್ದು ಅದೇ ಆಗಿದ್ದರೆ ಲಸಿಕೆಯೇ ಬೇಕಾಗಿಲ್ಲ. ಉಳಿದ ಕರುಗಳಿಗೆ ಕ್ಯಾಂಪಿನ ಹಿಂದೆ ಮುಂದೆ ಯಾವ ಇಂಜೆಕ್ಷನ್ ಹಾಕಿಸುವುದಿದ್ದರೂ ಮೊದಲು ಡಾಕ್ಟರನ್ನು ಕೇಳಿ, ಔಷಧಿ ಅಂಗಡಿಯವರನ್ನಲ್ಲ.